ಕಾಡಿನ ನೀರು, ಕಾಡಿನ ಸೊಪ್ಪು: 6ನೇ ವಾರ

ಕಾಡಿನಲ್ಲೇ ನೀರು, ಸೊಪ್ಪು ಹುಡುಕಿಕೊಳ್ಳುವುದನ್ನು ಕಲಿಯುತ್ತಾ ಇದು ಆರನೇ ವಾರ. ಈ ವಾರ ಇಬ್ಬನಿಯ ನೀರಿನಿಂದ ಶುರು ಮಾಡಿದೆ. ಬೆಳಕು ಹರಿಯುವ ಮುಂಚೆ ಎರಡೂ ಕಾಲಿಗೆ ಹಳೆಯ ಹತ್ತಿ ಬಟ್ಟೆ ಸುತ್ತಿಕೊಂಡು, ಮೊಣಕಾಲೆತ್ತರದ ಹುಲ್ಲಿನಲ್ಲಿ ಅರ್ಧ ಗಂಟೆ ಓಡಾಡಿದೆ. ಬಟ್ಟೆ ಭಾರವಾದಾಗಲೆಲ್ಲ ಬಿಚ್ಚಿ ಪಾತ್ರೆಗೆ ಹಿಂಡಿದೆ. ಅಳೆದರೆ 180 ಮಿಲಿ. ಒಂದು ಲೋಟ ಅಂದುಕೊಳ್ಳಿ. ಮಣ್ಣಿನ ಬಣ್ಣ, ಹುಲ್ಲಿನ ಚೂರು, ಜೊತೆಗೆ ಒಂದು ಪುಟ್ಟ ಜೇಡ. ಸೋಸಿದ ಮೇಲೆ ತಿಳಿಯಾಯಿತು. ಆದರೆ ತಿಳಿನೀರೆಲ್ಲ ಒಳ್ಳೆಯ ನೀರಲ್ಲ ಅಲ್ವಾ? ರೋಗಾಣು ಸಾಯಬೇಕಾದರೆ ಕುದಿಸಲೇಬೇಕು. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಸಾಕು. 2000 ಮೀಟರಿಗಿಂತ ಎತ್ತರದಲ್ಲಿದ್ದರೆ 3 ನಿಮಿಷ.

ಕವರ್ ಪ್ರಯೋಗ ಕೊನೆಗೂ ಕೈಹಿಡಿಯಿತು. ಬಿಸಿಲು ಬೀಳುವ ಕೊಂಬೆಗೆ ಎಲೆ ಸಮೇತ ಪಾರದರ್ಶಕ ಪ್ಲಾಸ್ಟಿಕ್ ಕವರ್ ತೊಡಿಸಿ, ಮೂಲೆಯಲ್ಲಿ ಒಂದು ಕಲ್ಲು ಹಾಕಿ ಜೋಲು ಬಿಡಬೇಕು. ಹೋದ ವಾರ ಬಾಯಿ ಸಡಿಲವಾಗಿ ಕಟ್ಟಿ ಎಲ್ಲ ಆವಿ ಹೊರಗೆ ಹೋಗಿತ್ತು. ಈ ಸಲ ಬಿಗಿಯಾಗಿ ಸುತ್ತಿದೆ. ಅರ್ಧ ಗಂಟೆಗೆ ಒಳಗೆಲ್ಲ ಮಂಜು ಕಟ್ಟಿತು, ಆಮೇಲೆ ಹನಿಗಳು ಒಂದಕ್ಕೊಂದು ಸೇರಿ ಕಲ್ಲಿನ ಹತ್ತಿರ ಇಳಿದವು. ಮೂರು ಕವರ್, ಆರು ಗಂಟೆ, 140 ಮಿಲಿ. ಸ್ವಲ್ಪ ಎಲೆ ವಾಸನೆ ಇತ್ತು. ವಿಷವಿಲ್ಲ ಅಂತ ಖಚಿತವಾಗಿ ಗೊತ್ತಿರುವ ಮರಕ್ಕೆ ಮಾತ್ರ ಕಟ್ಟಿ. ಗುಂಡಿ ತೋಡಿ ಮೇಲೆ ಪ್ಲಾಸ್ಟಿಕ್ ಹೊದಿಸುವ ವಿಧಾನವನ್ನು ನಾನು ಕೈಬಿಟ್ಟಿದ್ದೇನೆ. ಅಲ್ಲಿ ಸಿಕ್ಕ ನೀರಿಗಿಂತ ತೋಡುವಾಗ ಹರಿದ ಬೆವರೇ ಜಾಸ್ತಿ.

ಈಗ ಸೊಪ್ಪು. ಆರು ವಾರಕ್ಕೆ ನಾನು ಧೈರ್ಯವಾಗಿ ಬಾಯಿಗಿಡುವ ಕಾಡುಗಿಡ ಎರಡೇ. ಒಂದು ಪುಲ್ಲಂಪುರಚಿ (ಮೂರೆಲೆಯ, ಹುಳಿ ರುಚಿಯ ಪುಟ್ಟ ಗಿಡ), ಇನ್ನೊಂದು ಗೋಣಿ ಸೊಪ್ಪು. ಗೋಣಿ ಸೊಪ್ಪಿನ ಪಕ್ಕದಲ್ಲೇ, ಅದರಂತೆಯೇ ನೆಲಕ್ಕೆ ಅಂಟಿಕೊಂಡು ಒಂದು ಹಾಲುಗಿಡ ಬೆಳೆದಿತ್ತು. ಎರಡನ್ನೂ ಮುರಿದು ನೋಡಿದೆ. ಗೋಣಿಯ ದಂಟು ದಪ್ಪ, ನುಣುಪು, ಒಸರುವುದು ನೀರಿನಂಥ ರಸ. ಇನ್ನೊಂದರ ದಂಟು ದಾರದಷ್ಟು ಸಣ್ಣ, ಮುರಿದ ತಕ್ಷಣ ಬಿಳಿ ಹಾಲು. ಆ ಹಾಲು ಚರ್ಮ ಸುಡುತ್ತದೆ, ಕಣ್ಣಿಗಂತೂ ತಾಗಲೇಬಾರದು. ಅಂದಿನಿಂದ ಕಿತ್ತ ಪ್ರತಿಯೊಂದು ದಂಟನ್ನೂ ಮುರಿದೇ ಬುಟ್ಟಿಗೆ ಹಾಕುತ್ತಿದ್ದೇನೆ. ಇನ್ನೊಂದು ಚೆಂದದ ಸಂಗತಿ: ಒಣ ದಿನಗಳಲ್ಲಿ ಗೋಣಿ ಗಿಡ ರಾತ್ರಿಯಿಡೀ ಹುಳಿ ಕೂಡಿಟ್ಟು ಹಗಲಲ್ಲಿ ಖರ್ಚು ಮಾಡುತ್ತದೆ. ಬೆಳಗ್ಗೆ ಕಿತ್ತ ಎಲೆ, ಸಂಜೆ ಕಿತ್ತ ಎಲೆ ಎರಡನ್ನೂ ತಿಂದು ನೋಡಿದೆ. ವ್ಯತ್ಯಾಸ ನಾಲಿಗೆಗೆ ಚೆನ್ನಾಗಿ ಗೊತ್ತಾಯಿತು. ಪುಲ್ಲಂಪುರಚಿ, ಗೋಣಿ ಎರಡೂ ಸೊಪ್ಪಿನಲ್ಲಿ ಆಕ್ಸಲೇಟ್ (ಹೆಚ್ಚಾದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಿಸಬಲ್ಲ ಅಂಶ) ಇದೆ, ಹಾಗಾಗಿ ಸ್ವಲ್ಪವೇ ತಿನ್ನುತ್ತೇನೆ.

ಗುರುತಿಲ್ಲದ ಗಿಡವನ್ನು ಕೈಗೆ ಉಜ್ಜಿ, ತುಟಿಗೆ ತಾಗಿಸಿ, ಗಂಟೆಗಟ್ಟಲೆ ಕಾದು ತಿನ್ನುವ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಕೆಲವು ಗಿಡಗಳ ಸಣ್ಣ ತುಂಡೇ ಜೀವ ತೆಗೆಯುತ್ತದೆ. ಊಟವಿಲ್ಲದೆ ವಾರಗಟ್ಟಲೆ ಬದುಕಬಹುದು, ನೀರಿಲ್ಲದೆ ಕೆಲವೇ ದಿನ. ನೀರು ಸಾಲದಿದ್ದಾಗ ತಿನ್ನದಿರುವುದೇ ಒಳ್ಳೆಯದು, ಜೀರ್ಣವಾಗಲೂ ದೇಹಕ್ಕೆ ನೀರು ಬೇಕು. ಶನಿವಾರ ಇದನ್ನೇ ಪಾಲಿಸಿದೆ: ನೀರು ಸಿಗುವವರೆಗೆ ನೆರಳಲ್ಲಿ ಕೂತೆ, ಬಾಯಿಗೆ ಏನೂ ಹಾಕಲಿಲ್ಲ. ಸಿಕ್ಕ ಮೇಲೆ ಗುಟುಕು ಲೆಕ್ಕ ಹಾಕದೆ ಬಾಯಾರಿಕೆ ತೀರುವಷ್ಟು ಕುಡಿದೆ.

ಮುಂದಿನ ಗಿಡ ಜೊಂಡು. ನೀರಂಚಿನಲ್ಲಿ ಒಂದು ಗುಂಪು ನೋಡಿಟ್ಟಿದ್ದೇನೆ, ಆದರೆ ಎಳೆಯ ಎಲೆ ಐರಿಸ್ ಎಂಬ ಹೂಗಿಡದ ಎಲೆಯಂತೆಯೇ ಕಾಣುತ್ತದೆ, ಐರಿಸ್ ವಿಷ. ಕಂದು ಬಣ್ಣದ ತೆನೆ ಬರುವವರೆಗೆ ಸುಮ್ನೆ ನೋಡುತ್ತಿರುತ್ತೇನೆ.