ಮಹಮೂದ್ ಅಬ್ದುಲ್ ರವೂಫ್: ಒಂದು ಪಂದ್ಯದ ಅಮಾನತಿನ ಆಚೆಗೆ

ಮಹಮೂದ್ ಅಬ್ದುಲ್ ರವೂಫ್ ಅವರ ಹೆಸರು ಎಲ್ಲಿ ಪ್ರಸ್ತಾಪವಾದರೂ ಮಾತು 1996ರ ಮಾರ್ಚ್ ತಿಂಗಳ ರಾಷ್ಟ್ರಗೀತೆ ವಿವಾದದಿಂದ ಆರಂಭವಾಗಿ ಅಲ್ಲಿಯೇ ಮುಗಿದುಬಿಡುತ್ತದೆ. ಅಮೆರಿಕದ ರಾಷ್ಟ್ರಗೀತೆಗೆ ಎದ್ದು ನಿಲ್ಲಲು ಒಪ್ಪದ ಬ್ಯಾಸ್ಕೆಟ್‌ಬಾಲ್ ಆಟಗಾರ ಎಂಬಷ್ಟಕ್ಕೆ ಅವರನ್ನು ಸೀಮಿತಗೊಳಿಸುವುದು ನನಗೆ ಸರಿಕಾಣುವುದಿಲ್ಲ. ಆ ವಿವಾದದಿಂದ ಏನು ನಷ್ಟವಾಯಿತೆಂದು ಅಳೆಯಬೇಕಾದರೆ, ಅವರು ಎಂತಹ ಆಟಗಾರರಾಗಿದ್ದರು ಎಂಬುದು ಮೊದಲು ತಿಳಿದಿರಬೇಕು.

ಅವರು ಹುಟ್ಟಿದ್ದು 1969ರಲ್ಲಿ, ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟಿನ ಬಡ ಕುಟುಂಬವೊಂದರಲ್ಲಿ. ಆಗಿನ ಹೆಸರು ಕ್ರಿಸ್ ಜಾಕ್ಸನ್. ಸ್ನಾಯುಗಳು ಹಿಡಿತ ತಪ್ಪಿ ಅದುರುವ, ಬಯಸದೆಯೇ ಗಂಟಲಿನಿಂದ ಸದ್ದು ಹೊರಡುವ ಟುರೆಟ್ ಸಿಂಡ್ರೋಮ್ ಅವರನ್ನು ಬಾಲ್ಯದಿಂದಲೂ ಕಾಡುತ್ತಿತ್ತಾದರೂ, ಅದು ಯಾವ ತೊಂದರೆ ಎಂಬುದು ಗೊತ್ತಾದದ್ದು ಹದಿಹರೆಯದ ಕೊನೆಯಲ್ಲಿ. ಯಾವುದೇ ಕೆಲಸವನ್ನು ಮನಸ್ಸಿಗೆ ಸರಿ ಎನ್ನಿಸುವವರೆಗೆ ಮತ್ತೆ ಮತ್ತೆ ಮಾಡಲೇಬೇಕೆಂಬ ಒತ್ತಡವೂ ಅದರ ಜೊತೆಗಿತ್ತು. ಚೆಂಡು ಬುಟ್ಟಿಯ ಅಂಚಿಗೆ ತಾಗದೆ ನೇರವಾಗಿ ಬಲೆಯೊಳಗೆ ಇಳಿಯಬೇಕು, ಅದೂ ಒಂದರ ಹಿಂದೆ ಒಂದರಂತೆ ಇಳಿಯಬೇಕು. ನಡುವೆ ಒಂದು ತಪ್ಪಿದರೂ ಎಣಿಕೆ ಮೊದಲಿನಿಂದ ಆರಂಭ. ಇದನ್ನು ರೋಗದ ವರದಾನವೆಂದು ಬಣ್ಣಿಸುವ ಬರಹಗಳು ಸಾಕಷ್ಟಿವೆ. ಅಭ್ಯಾಸ ಮುಗಿಸಿ ಮನೆಗೆ ಹೋಗಲೂ ಬಿಡದ ಹಿಂಸೆಯನ್ನು ವರದಾನವೆನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಪರ ಆಡಿದ ಮೊದಲ ವರ್ಷದಲ್ಲೇ, ಅಂದರೆ 1988–89ರಲ್ಲಿ, ಅವರು ಪಂದ್ಯಕ್ಕೆ ಸರಾಸರಿ 30.2 ಪಾಯಿಂಟ್ ಗಳಿಸಿ ಕಾಲೇಜು ಬ್ಯಾಸ್ಕೆಟ್‌ಬಾಲ್ ವಲಯವನ್ನು ಬೆರಗುಗೊಳಿಸಿದರು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1990ರಲ್ಲಿ, ಡೆನ್ವರ್ ನಗೆಟ್ಸ್ ತಂಡ ಅವರನ್ನು ಮೂರನೆಯವರನ್ನಾಗಿ ಆರಿಸಿಕೊಂಡಿತು. ಮೊದಲೆರಡು ವರ್ಷಗಳು ನೀರಸವಾಗಿ ಕಳೆದವು. 1991ರಲ್ಲಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ದೇಹವನ್ನು ಹದಗೊಳಿಸಿಕೊಂಡು, 1992–93ರಲ್ಲಿ ಎನ್‌ಬಿಎಯ ಅತ್ಯಂತ ಸುಧಾರಿಸಿದ ಆಟಗಾರ ಪ್ರಶಸ್ತಿಯನ್ನು ಪಡೆದ ಬಳಿಕ ಅವರು ತಮ್ಮ ಹೆಸರನ್ನು ಬದಲಿಸಿಕೊಂಡರು.

ಮುಂದಿನ ಋತುವಿನ ಒಂದು ಅಂಕಿಅಂಶವನ್ನು ನಾನು ಆಗಾಗ ನೆನೆಯುತ್ತೇನೆ. 1993–94ರಲ್ಲಿ ಅವರು ತೆಗೆದುಕೊಂಡ 229 ಫ್ರೀ ಥ್ರೋಗಳಲ್ಲಿ (ಎದುರಾಳಿಯ ತಪ್ಪಿಗೆ ಪ್ರತಿಯಾಗಿ ಸಿಗುವ, ಯಾರ ಅಡ್ಡಿಯೂ ಇಲ್ಲದ ಎಸೆತಗಳಲ್ಲಿ) 219 ಬುಟ್ಟಿ ಸೇರಿದವು, ಶೇಕಡಾ 95.6ರ ಈ ಪ್ರಮಾಣ, ಕ್ಯಾಲ್ವಿನ್ ಮರ್ಫಿ 1980–81ರಲ್ಲಿ ಸ್ಥಾಪಿಸಿದ್ದ ಶೇಕಡಾ 95.8ರ ದಾಖಲೆಗೆ ಕೂದಲೆಳೆಯಷ್ಟು ಹಿಂದೆ ನಿಂತಿತು. ಇಡೀ ವರ್ಷದಲ್ಲಿ ತಪ್ಪಿದ ಹತ್ತರಲ್ಲಿ ಒಂದೇ ಒಂದು ಎಸೆತ ಒಳಗೆ ಬಿದ್ದಿದ್ದರೂ ದಾಖಲೆ ಅವರದಾಗುತ್ತಿತ್ತು. ಅದೇ ವರ್ಷದ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ಪ್ರಶಸ್ತಿ ಸುತ್ತಿನಲ್ಲಿ, ಎಂಟನೆಯ ಶ್ರೇಯಾಂಕದ ಡೆನ್ವರ್, ಅಗ್ರ ಶ್ರೇಯಾಂಕದ ಸಿಯಾಟಲ್ ತಂಡವನ್ನು ಮಣಿಸಿತು. ಗೆಲುವಿನ ಬಳಿಕ ಚೆಂಡನ್ನು ಎತ್ತಿ ಹಿಡಿದು ನೆಲದ ಮೇಲೆ ಮಲಗಿದ್ದ ಡೆನ್ವರ್ ಆಟಗಾರ ಡಿಕೆಂಬೆ ಮುಟೊಂಬೊ ಅವರ ಚಿತ್ರ ಎಲ್ಲರಿಗೂ ನೆನಪಿದೆ. ಆ ಋತುವಿನಲ್ಲಿ ಆ ತಂಡದ ಪರ ಅತಿ ಹೆಚ್ಚು ಸರಾಸರಿ ಪಾಯಿಂಟ್ ಗಳಿಸಿದ್ದವರು ಅಬ್ದುಲ್ ರವೂಫ್ ಎಂಬುದು ನೆನಪಿರುವುದು ಕೆಲವರಿಗೆ ಮಾತ್ರ. 1995ರ ಡಿಸೆಂಬರಿನಲ್ಲಿ ಯೂಟಾ ಜಾಝ್ ವಿರುದ್ಧದ ಒಂದೇ ಪಂದ್ಯದಲ್ಲಿ ಅವರು 51 ಪಾಯಿಂಟ್ ಗಳಿಸಿದರು.

ಅದೇ ಋತುವಿನಲ್ಲಿ ಅವರು ರಾಷ್ಟ್ರಗೀತೆಯ ಹೊತ್ತಿಗೆ ಡ್ರೆಸ್ಸಿಂಗ್ ಕೋಣೆಯಲ್ಲೇ ಉಳಿಯುವುದು, ಇಲ್ಲವೇ ಕುಳಿತುಕೊಳ್ಳುವುದು ರೂಢಿಯಾಗಿತ್ತು. ತಿಂಗಳುಗಟ್ಟಲೆ ಅದು ಯಾರ ಕಣ್ಣಿಗೂ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಸ್ಥಳೀಯ ರೇಡಿಯೋದಲ್ಲಿ ಚರ್ಚೆ ಎದ್ದು ಪತ್ರಕರ್ತರು ಪ್ರಶ್ನಿಸಿದಾಗ, ಆ ಧ್ವಜ ತಮ್ಮ ಪಾಲಿಗೆ ದಬ್ಬಾಳಿಕೆಯ ಸಂಕೇತವೂ ಹೌದೆಂದೂ, ಅದಕ್ಕೆ ಗೌರವ ಸಲ್ಲಿಸುವುದು ತಮ್ಮ ನಂಬಿಕೆಗೆ ಹೊಂದುವುದಿಲ್ಲವೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಆಟಗಾರರು ಸಾಲಾಗಿ ಗೌರವದಿಂದ ನಿಲ್ಲಬೇಕೆಂಬ ನಿಯಮವನ್ನು ಮುಂದಿಟ್ಟುಕೊಂಡ ಲೀಗ್, ಮಾರ್ಚ್ 12ರಂದು ಅವರನ್ನು ಅಮಾನತುಗೊಳಿಸಿತು. ಆಡದ ಪ್ರತಿ ಪಂದ್ಯಕ್ಕೆ ಅವರು ಕಳೆದುಕೊಳ್ಳಬೇಕಿದ್ದ ಸಂಬಳ 31,707 ಡಾಲರ್. ಆಟಗಾರರ ಸಂಘ ಅವರ ಬೆಂಬಲಕ್ಕೆ ನಿಂತಿತು. ಒಂದೇ ಪಂದ್ಯದ ನಂತರ ರಾಜಿಯಾಯಿತು: ಎದ್ದು ನಿಲ್ಲುವುದು, ಆದರೆ ತಲೆ ಬಾಗಿಸಿ, ಕಣ್ಣು ಮುಚ್ಚಿ, ಪ್ರಾರ್ಥಿಸುವುದು. ಮಾರ್ಚ್ 15ರಂದು ಶಿಕಾಗೋದಲ್ಲಿ ಅಂಗಣಕ್ಕೆ ಮರಳಿದ ಅವರನ್ನು ಪ್ರೇಕ್ಷಕರು ಮೂದಲಿಕೆಯ ಕೂಗಿನಿಂದ ಎದುರುಗೊಂಡರು. ಅದೇ ದಿನಗಳಲ್ಲಿ ಡೆನ್ವರಿನ ರೇಡಿಯೋ ಕೇಂದ್ರವೊಂದರ ಸಿಬ್ಬಂದಿ ಅಲ್ಲಿನ ಮಸೀದಿಯೊಳಗೆ ಹೋಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ನುಡಿಸಿದರು. ಇದನ್ನು ತಮಾಷೆಯೆಂದು ಕರೆದವರ ಅಭಿರುಚಿಯ ಬಗ್ಗೆ ಏನೂ ಹೇಳದಿರುವುದೇ ಲೇಸು.

ಕಾಗದದ ಮೇಲೆ ವಿವಾದ ಅಲ್ಲಿಗೆ ಇತ್ಯರ್ಥವಾಗಿತ್ತು. ಆದರೆ ಅದೇ ಬೇಸಿಗೆಯಲ್ಲಿ, ಪಂದ್ಯಕ್ಕೆ 19.2 ಪಾಯಿಂಟ್ ಗಳಿಸಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದ 27 ವರ್ಷದ ಆಟಗಾರನನ್ನು ಡೆನ್ವರ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಬಿಟ್ಟುಕೊಟ್ಟಿತು. ಪ್ರತಿಯಾಗಿ ಅದಕ್ಕೆ ದೊರೆತದ್ದು ಡ್ರಾಫ್ಟ್‌ನ ಎರಡನೇ ಸುತ್ತಿನ ಒಂದು ಆಯ್ಕೆ ಮತ್ತು ಹಿರಿಯ ಆಟಗಾರ ಷರೂನಾಸ್ ಮಾರ್ಚುಲಿಯೋನಿಸ್. ಮಾರ್ಚುಲಿಯೋನಿಸ್ ಡೆನ್ವರ್ ಪರ 17 ಪಂದ್ಯಗಳನ್ನಾಡಿ ನಿವೃತ್ತರಾದರು. ಈ ವಿನಿಮಯವನ್ನು ಕೇವಲ ಆಟದ ಲೆಕ್ಕಾಚಾರವೆಂದು ನಂಬಲು ನನಗೆ ಸಾಧ್ಯವಾಗಿಲ್ಲ. ಎರಡು ವರ್ಷಗಳ ಒಳಗೆ ಅಬ್ದುಲ್ ರವೂಫ್ ಅಂಗಣದಲ್ಲಿರುವ ಸಮಯ ಪಂದ್ಯಕ್ಕೆ 35 ನಿಮಿಷಕ್ಕೂ ಮೇಲಿದ್ದದ್ದು ಸುಮಾರು 17ಕ್ಕೆ ಇಳಿದಿತ್ತು; 1998ರಲ್ಲಿ ಒಪ್ಪಂದ ಮುಗಿದಾಗ, 29ನೆಯ ವಯಸ್ಸಿನಲ್ಲಿ, ಅವರು ಟರ್ಕಿಯ ಫೆನರ್‌ಬಾಚೆ ತಂಡವನ್ನು ಸೇರಿದರು.

ಅವರ ಆಟವೇ ಕುಸಿದಿತ್ತು ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸ್ಯಾಕ್ರಮೆಂಟೊದಲ್ಲಿ ಮೊದಲ ವರ್ಷ 13.7 ಇದ್ದ ಸರಾಸರಿ ಎರಡನೆಯ ವರ್ಷ 7.3ಕ್ಕೆ ಇಳಿದದ್ದು ನಿಜ. ಸುಮಾರು ಆರಡಿ ಎತ್ತರದ, ರಕ್ಷಣಾ ಆಟದಲ್ಲಿ ಎದುರಾಳಿಗಳಿಗೆ ಸುಲಭವಾಗಿ ದಕ್ಕುವ ಗಾರ್ಡ್‌ಗೆ (ಬುಟ್ಟಿಯಿಂದ ದೂರದಲ್ಲಿ ಚೆಂಡು ನಡೆಸುವ ಆಟಗಾರನಿಗೆ) ಎಸೆತ ಕೈಕೊಟ್ಟರೆ ತಂಡದಲ್ಲಿ ಉಳಿಯಲು ಬೇರೆ ಆಧಾರವಿರುವುದಿಲ್ಲ. ಆದರೆ ಎಸೆತದ ಲಯ ನಿಂತಿರುವುದೇ ಅಂಗಣದಲ್ಲಿ ಸಿಗುವ ನಿಮಿಷಗಳ ಮೇಲೆ, ಅದರಲ್ಲೂ ಸದಾ ಪುನರಾವರ್ತನೆಯಿಂದಲೇ ಕೈ ಪಳಗಿಸಿಕೊಂಡ ಇಂತಹ ಆಟಗಾರನ ವಿಷಯದಲ್ಲಿ. ಅವಕಾಶ ಕಡಿಮೆಯಾದದ್ದರಿಂದ ಆಟ ಕುಸಿಯಿತೋ, ಆಟ ಕುಸಿದದ್ದರಿಂದ ಅವಕಾಶ ಕಡಿಮೆಯಾಯಿತೋ ಎಂಬುದನ್ನು ಅಂಕಿಅಂಶಗಳ ಪಟ್ಟಿ ತಾನಾಗಿಯೇ ತೀರ್ಮಾನಿಸಿಕೊಡುವುದಿಲ್ಲ. 2000–01ರಲ್ಲಿ ವ್ಯಾಂಕೂವರ್ ಗ್ರಿಜ್ಲೀಸ್ ಪರ 41 ಪಂದ್ಯಗಳಲ್ಲಿ ಆಡಿದ ಬಳಿಕ ಎನ್‌ಬಿಎ ಬಾಗಿಲು ಅವರಿಗೆ ಮತ್ತೆ ತೆರೆಯಲಿಲ್ಲ. ಮಿಸಿಸಿಪ್ಪಿಯಲ್ಲಿ ಅವರಿಗಿದ್ದ ಮನೆ 2001ರಲ್ಲಿ ಬೆಂಕಿಗೆ ಆಹುತಿಯಾಯಿತು. ಅವರು ರಷ್ಯಾ, ಇಟಲಿ, ಗ್ರೀಸ್ ಮುಂತಾದ ದೇಶಗಳ ಲೀಗ್‌ಗಳಲ್ಲಿ ಆಡುತ್ತ ಹೋಗಿ, ನಲವತ್ತು ದಾಟಿದ ಮೇಲೆ ಜಪಾನಿನ ಕ್ಯೋಟೋ ತಂಡದ ಅಂಗಿ ತೊಟ್ಟು 2011ರವರೆಗೂ ವೃತ್ತಿಪರ ಆಟವನ್ನು ಮುಂದುವರಿಸಿದರು. ಅವರ ಕಾಲೇಜು ತಂಡ 35ನೆಯ ಸಂಖ್ಯೆಯ ಜೆರ್ಸಿಯನ್ನು ಅವರ ಗೌರವಾರ್ಥ ಕಾಯ್ದಿರಿಸಿದ್ದು 2020ರಲ್ಲಿ, ಅವರು ಆ ತಂಡವನ್ನು ಬಿಟ್ಟು ಮೂವತ್ತು ವರ್ಷಗಳಾದ ಮೇಲೆ.