ಐವರನ್ನು ಕಳೆದರೆ ನೂರು

2019ರ ಎಸ್.ಎಸ್.ಸಿ., ಅಂದರೆ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಬಂದ ಮರುವಾರ ನಮ್ಮ ಶಾಲೆಯ ಆಡಳಿತ ಮಂಡಳಿ ಸಭೆ ಕರೆಯಿತು. ಶಾಲೆ ಇನ್ನೂ ತೆರೆದಿರಲಿಲ್ಲ, ಮಳೆಯೂ ಬಂದಿರಲಿಲ್ಲ. ಆ ವರ್ಷ ಮುಂಬಯಿಗೆ ಮುಂಗಾರು ಮುಟ್ಟಿದ್ದು ಜೂನ್ ಕೊನೆಯ ವಾರದಲ್ಲಿ. ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಂಡಳಿಯವರು ಕುಳಿತಿದ್ದರು. ಗೋಡೆಯ ಬದಿಯ ಬೆಂಚುಗಳಲ್ಲಿ ಹತ್ತನೆಯ ತರಗತಿಗೆ ಪಾಠ ಮಾಡುವ ನಾವು, ಸೆರಗಿನಿಂದಲೋ ಕರವಸ್ತ್ರದಿಂದಲೋ ಬೆವರೊರೆಸಿಕೊಳ್ಳುತ್ತ ಕಾಯುತ್ತಿದ್ದೆವು.

ನಮ್ಮದು ಪಶ್ಚಿಮ ಉಪನಗರದ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ. ಆ ವರ್ಷ ಪರೀಕ್ಷೆಗೆ ಕುಳಿತವರು ಇಪ್ಪತ್ತಾರು ಮಕ್ಕಳು, ತೇರ್ಗಡೆಯಾದವರು ಇಪ್ಪತ್ತೊಂದು. ಶೇಕಡಾ 80.77. ಹಿಂದಿನ ವರ್ಷ ನೂರಕ್ಕೆ ನೂರು ಬಂದಿತ್ತು. ಶಾಲೆಯ ಗೇಟಿನ ಮೇಲೆ ಬ್ಯಾನರು ಕಟ್ಟಿದ್ದರು, ವಾರ್ಷಿಕೋತ್ಸವದಲ್ಲಿ ದಾನಿಗಳ ಮುಂದೆ ಆ ಸಂಖ್ಯೆಯನ್ನು ಹೇಳಿಯೂ ಆಗಿತ್ತು. ಈಗ ವಿಷಯವಾರು ಪಟ್ಟಿಯನ್ನು ನಮ್ಮೆಲ್ಲರ ಕೈಗೂ ಕೊಟ್ಟಿದ್ದರು. ಗಣಿತದ ಸಾಲಿಗೆ ಕೆಂಪು ಗೆರೆ ಎಳೆದಿತ್ತು. ಗಣಿತ ನನ್ನದು. ಭೂಗೋಳದ ಸಾಲಿನ ಕೆಳಗೂ ಒಂದು ಗೆರೆ, ಸ್ವಲ್ಪ ತೆಳ್ಳಗೆ.

ಕಾರ್ಯದರ್ಶಿಗಳು ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿಯಾಗಿದ್ದು ನಿವೃತ್ತರಾದವರು. ಸಜ್ಜನರು. ಮಕ್ಕಳ ಶುಲ್ಕಕ್ಕೆ, ಪುಸ್ತಕಕ್ಕೆ ತಮ್ಮ ಕೈಯಿಂದಲೇ ಹಣ ಹಾಕಿದ ಉದಾಹರಣೆಗಳಿವೆ. ಅವರು ಕನ್ನಡಕ ಸರಿಪಡಿಸಿಕೊಂಡು ಹೇಳಿದರು: "ಯಾರನ್ನೂ ದೂರುವುದಕ್ಕೆ ಕರೆದಿಲ್ಲ. ಆದರೆ ಲೆಕ್ಕ ಅಂದ ಮೇಲೆ ಲೆಕ್ಕ. ಬ್ಯಾಂಕಿನಲ್ಲಿ ನಮಗೂ ಗುರಿ ಕೊಡುತ್ತಿದ್ದರು, ಗುರಿ ತಲುಪದವನು ಉತ್ತರ ಕೊಡಬೇಕಿತ್ತು. ಶಿಕ್ಷಕರಿಗೂ ಹಾಗೆಯೇ ಇರಲಿ. ನೂರು ಬಂದ ವಿಷಯಕ್ಕೆ ಬಹುಮಾನ, ಕಡಿಮೆಯಾದ ವಿಷಯಕ್ಕೆ ಲಿಖಿತ ವಿವರಣೆ."

ನಮ್ಮ ಸಂಬಳ ಸರಕಾರದ್ದು. ಮಂಡಳಿಯ ಕೈಯಲ್ಲಿರುವುದು ಬಹುಮಾನ ಮತ್ತು ಮಾತು, ಅಷ್ಟೇ. ಆದರೂ ಮಾತು ಕಡಿಮೆಯ ವಸ್ತುವಲ್ಲ.

ನಾನು ಎದ್ದು, ಆ ವರ್ಷ ಇಡೀ ರಾಜ್ಯದ ಫಲಿತಾಂಶವೇ ಕುಸಿದಿದೆ ಎಂದೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಶೇಕಡಾ 89.41 ಮಕ್ಕಳು ಪಾಸಾಗಿದ್ದರೆ 2019ರಲ್ಲಿ ಶೇಕಡಾ 77.10. ಪಠ್ಯಕ್ರಮ ಹೊಸದು. ಭಾಷಾ ವಿಷಯಗಳಲ್ಲಿ ಶಾಲೆಯೇ ಕೊಡುತ್ತಿದ್ದ ಇಪ್ಪತ್ತು ಆಂತರಿಕ ಅಂಕಗಳನ್ನು ರಾಜ್ಯದ ಪರೀಕ್ಷಾ ಮಂಡಳಿ ತೆಗೆದುಹಾಕಿತ್ತು. ರಾಜ್ಯದ ಶಿಕ್ಷಕರೆಲ್ಲ ಒಂದೇ ವರ್ಷದಲ್ಲಿ ಹನ್ನೆರಡು ಅಂಶದಷ್ಟು ಸೋಮಾರಿಗಳಾದರು ಎಂದು ಯಾರಾದರೂ ನಂಬಬಹುದೇ? ನಮ್ಮ ಶಾಲೆಯಂತೂ ರಾಜ್ಯದ ಸರಾಸರಿಗಿಂತ ಮೇಲೆಯೇ ಇತ್ತು. ತರಗತಿ ಚಿಕ್ಕದಾದ್ದರಿಂದ ಒಂದು ಮಗು ಜಾರಿದರೆ ಸುಮಾರು ನಾಲ್ಕು ಅಂಶ ಬಿದ್ದುಹೋಗುತ್ತದೆ ಎಂಬುದನ್ನೂ ಹೇಳಿದೆ.

"ಅದೆಲ್ಲ ಸರಿ ಟೀಚರ್" ಎಂದರು ಅಧ್ಯಕ್ಷರು. ಅವರು ಹೋಟೆಲ್ ಉದ್ಯಮಿ, ಕುಂದಾಪುರದ ಕಡೆಯವರು, ಮಾತು ಕಡಿಮೆ. "ಬ್ಯಾನರಿನಲ್ಲಿ ಇಷ್ಟೆಲ್ಲ ಬರೆಯಲು ಆಗುವುದಿಲ್ಲವಲ್ಲ."

ಆಮೇಲೆ ಬಂದಿತು ನಿಜವಾದ ಪ್ರಸ್ತಾಪ. ಮಂಡಳಿಯ ಇನ್ನೊಬ್ಬ ಸದಸ್ಯರು ನಪಾಸಾದ ಐವರ ಹೆಸರುಗಳ ಮೇಲೆ ಬೆರಳಿಟ್ಟು, "ಇವರು ಆಗುವುದಿಲ್ಲ ಎಂದು ನಿಮಗೆ ಒಂಬತ್ತನೆಯಲ್ಲೇ ಗೊತ್ತಿತ್ತಲ್ಲ? ಆಗಲೇ ಹದಿನೇಳು ನಂಬರಿನ ಫಾರ್ಮು ತುಂಬಿಸಿದ್ದರೆ ಇವತ್ತು ಈ ಸಭೆಯೇ ಬೇಕಿರಲಿಲ್ಲ" ಎಂದರು.

ಮಹಾರಾಷ್ಟ್ರದ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹದಿನೇಳು ನಂಬರಿನ ಫಾರ್ಮು ಎಂದರೆ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಸಿ. ಕಟ್ಟುವವರ ಅರ್ಜಿ. ಅರ್ಧಕ್ಕೆ ಶಾಲೆ ಬಿಟ್ಟು ದುಡಿಮೆಗೆ ಇಳಿದವರಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಮತ್ತೊಂದು ಬಾಗಿಲಿರಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ. ಖಾಸಗಿಯವರ ಫಲಿತಾಂಶವನ್ನು ಬೇರೆಯಾಗಿ ಎಣಿಸುತ್ತಾರೆ, ಶಾಲೆಯ ಶೇಕಡಾವಾರಿಗೆ ಅದು ತಟ್ಟುವುದಿಲ್ಲ. ಹಿಂದುಳಿದ ಮಗುವಿನ ತಂದೆತಾಯಿಯನ್ನು ಕರೆಸಿ, "ಇಲ್ಲಿ ಕುಳಿತರೆ ಕಷ್ಟ, ಹೊರಗಿನಿಂದ ಕಟ್ಟಲಿ" ಎಂದು ಒಪ್ಪಿಸಿ, ಶಾಲೆ ಬಿಟ್ಟ ದಾಖಲೆ ಕೈಗಿಟ್ಟು ಕಳುಹಿಸಿದರೆ ಆಯಿತು. ಒಳಗೆ ಬರಲೆಂದು ತೆರೆದ ಬಾಗಿಲಿನಿಂದಲೇ ಹೊರಗೆ ಕಳುಹಿಸುವ ಈ ಉಪಾಯ ನಮ್ಮ ಮಂಡಳಿಯವರು ಕಂಡುಹಿಡಿದದ್ದಲ್ಲ. ಈ ಊರಿನ ಯಾವ ಮಾಧ್ಯಮದ ಶಿಕ್ಷಕರನ್ನು ಕೇಳಿದರೂ ಗೊತ್ತಿರುತ್ತದೆ.

ಗಣಿತದ ದೃಷ್ಟಿಯಿಂದ ಆ ಸದಸ್ಯರ ಲೆಕ್ಕ ತಪ್ಪಿಲ್ಲ. ಇಪ್ಪತ್ತಾರರಲ್ಲಿ ಇಪ್ಪತ್ತೊಂದು ಅಂದರೆ 80.77. ಐವರನ್ನು ಕಳೆದರೆ ಇಪ್ಪತ್ತೊಂದರಲ್ಲಿ ಇಪ್ಪತ್ತೊಂದು, ಪೂರ್ತಿ ನೂರು. ನಾನು ಒಂದು ಪಾಠ ಹೆಚ್ಚು ಮಾಡಬೇಕಿಲ್ಲ, ಯಾವ ಮಗುವೂ ಒಂದಕ್ಷರ ಹೆಚ್ಚು ಕಲಿಯಬೇಕಿಲ್ಲ. ಕೆಂಪು ಗೆರೆ ಮಾಯ, ಬಹುಮಾನ ಖಚಿತ.

ನಾನು ಕಾರ್ಯದರ್ಶಿಗಳ ಕಡೆ ತಿರುಗಿ ಕೇಳಿದೆ: "ಸರ್, ನಿಮ್ಮ ಬ್ಯಾಂಕಿನಲ್ಲಿ ಮಾರ್ಚ್ 31ಕ್ಕೆ ಬಂದು ಏಪ್ರಿಲ್ ಮೊದಲ ವಾರದಲ್ಲಿ ಹೊರಟುಹೋಗುವ ಠೇವಣಿಗಳು ಇರುತ್ತಿದ್ದವಲ್ಲವೇ?" ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಶಾಖೆಯ ಗುರಿ ತುಂಬಲು ಪರಿಚಯದ ವ್ಯಾಪಾರಿಗಳ ಕೈಕಾಲು ಹಿಡಿದು ನಾಲ್ಕು ದಿನದ ಮಟ್ಟಿಗೆ ಹಣ ಇಡಿಸುತ್ತಿದ್ದ ಕಥೆಯನ್ನು ಅವರೇ ಹೇಳಿದರು, ಅದೂ ಸಾಕಷ್ಟು ರಸವತ್ತಾಗಿ. ಚಹಾ ಬಂತು. ವಾತಾವರಣ ಸಡಿಲವಾಯಿತು. ಆದರೆ ಚಹಾ ಮುಗಿದ ಮೇಲೆ ಅವರು, "ಆಂಧ್ರದಲ್ಲಿ ಶಿಕ್ಷಕರಿಗೆ ಫಲಿತಾಂಶದ ಮೇಲೆ ಹಣ ಕೊಟ್ಟು ನೋಡಿದ್ದಾರೆ, ಮಕ್ಕಳು ಚೆನ್ನಾಗಿ ಕಲಿತರಂತೆ. ಪತ್ರಿಕೆಯಲ್ಲಿ ಓದಿದ್ದೇನೆ" ಎಂದರು.

ಮನೆಗೆ ಬಂದ ಮೇಲೆ ಆ ಅಧ್ಯಯನವನ್ನು ಹುಡುಕಿ ಓದಿದೆ. ಕಾರ್ಯದರ್ಶಿಗಳು ಹೇಳಿದ್ದು ಸುಳ್ಳಲ್ಲ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2005ರಿಂದ ಆಂಧ್ರಪ್ರದೇಶದ ಹಳ್ಳಿಗಳ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಎರಡು ವರ್ಷಗಳ ಬಳಿಕ ಪ್ರೋತ್ಸಾಹಧನವಿದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದಿದ್ದರು. ಬಹುಮಾನವೇ ಇಲ್ಲದಿದ್ದ ವಿಜ್ಞಾನ, ಸಮಾಜ ವಿಜ್ಞಾನಗಳಲ್ಲೂ ಮುಂದಿದ್ದರು. ಫಲಿತಾಂಶ ಅಳೆಯುವುದೆಂದರೇ ಪಾಪ ಎಂದು ವಾದಿಸುವ ನನ್ನ ಕೆಲವು ಸಹೋದ್ಯೋಗಿಗಳಿಗೆ ಇದು ಕಹಿಯಾಗಬಹುದು, ನನಗೆ ಆಗಲಿಲ್ಲ. ಏಕೆಂದರೆ ಅಲ್ಲಿ ಹಣ ಕೊಟ್ಟದ್ದು ಪಾಸು ನಪಾಸಿನ ಗೆರೆಗಲ್ಲ. ಮಕ್ಕಳು ವರ್ಷದ ಆರಂಭದಲ್ಲಿ ಎಲ್ಲಿದ್ದರು, ಕೊನೆಗೆ ಎಲ್ಲಿಗೆ ಬಂದರು ಎಂಬ ಏರಿಕೆಗೆ. ತಳದಲ್ಲಿದ್ದ ಮಗು ಎರಡು ಮೆಟ್ಟಿಲು ಹತ್ತಿದರೂ ಶಿಕ್ಷಕರಿಗೆ ಲಾಭ. ಅಂಥ ಲೆಕ್ಕಕ್ಕೆ ನನ್ನನ್ನು ಯಾವಾಗ ಬೇಕಾದರೂ ಕರೆಯಿರಿ.

ಆ ಲೆಕ್ಕದ ಕಾಗದ ನನ್ನ ಬಳಿ ಇದೆ. ನಮ್ಮ ಶಾಲೆಗೆ ಬಹಳಷ್ಟು ಮಕ್ಕಳು ಬರುವುದು ಎಂಟನೆಯ ತರಗತಿಗೆ, ಏಳರವರೆಗೆ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದಿ. ಒಂದು ಕಾಲದಲ್ಲಿ ನಮ್ಮ ಬೆಂಚುಗಳಲ್ಲಿ ಕರಾವಳಿಯ ಹೋಟೆಲ್ ನೌಕರರ, ಗುಮಾಸ್ತರ ಮಕ್ಕಳು ತುಂಬಿರುತ್ತಿದ್ದರು. ಆ ಮನೆಗಳ ಮೊಮ್ಮಕ್ಕಳೆಲ್ಲ ಈಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ, ಮಂಡಳಿಯವರ ಮೊಮ್ಮಕ್ಕಳೂ ಸೇರಿ. ಈಗಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಎಂಟನೆಯ ತರಗತಿಯ ಮೊದಲ ವಾರ ಇವರಿಗೆ ನಾನೊಂದು ಸಣ್ಣ ಪರೀಕ್ಷೆ ಕೊಟ್ಟು ಉತ್ತರ ಪತ್ರಿಕೆಗಳನ್ನು ಎತ್ತಿಡುತ್ತೇನೆ. ನಪಾಸಾದ ಐವರಲ್ಲಿ ಒಬ್ಬನ ಹಾಳೆಯಲ್ಲಿ 52ರಿಂದ 27 ಕಳೆಯುವ ಲೆಕ್ಕಕ್ಕೆ 35 ಎಂದು ಬರೆದಿದೆ. ಎರಡರಿಂದ ಏಳು ಹೋಗುವುದಿಲ್ಲ, ಹಾಗಾಗಿ ಏಳರಿಂದ ಎರಡು ಕಳೆದು ಐದು. ಐದರಿಂದ ಎರಡು ಕಳೆದು ಮೂರು. ದಶಕ ತೆಗೆದುಕೊಳ್ಳುವುದು ಅವನಿಗೆ ತಿಳಿದಿರಲಿಲ್ಲ, ತಿಳಿಯದೆಯೇ ಏಳು ತರಗತಿ ದಾಟಿ ಬಂದಿದ್ದ. ಉತ್ತರ ಪಾಸಾಗಲು ಬೇಕಾದ ಅಂಕಕ್ಕೆ ಸರಿಯಾಗಿ ಬಂದು ನಿಂತಿತ್ತು ಎಂಬುದು ಬೇರೆ ತಮಾಷೆ. ಅದೇ ಹುಡುಗ ಹತ್ತನೆಯ ತರಗತಿಯಲ್ಲಿ ಎರಡು ಚಲಪದಗಳ ಸಮೀಕರಣವನ್ನು ಬಿಡಿಸುತ್ತಿದ್ದ. ಚಿಹ್ನೆಯಲ್ಲಿ ಎಡವುತ್ತಿದ್ದ, ಆದರೆ ದಾರಿ ಗೊತ್ತಿತ್ತು. ಗಣಿತದಲ್ಲಿ ನೂರಕ್ಕೆ 31 ಬಂತು, ನಾಲ್ಕು ಅಂಕ ಕಡಿಮೆ. ನನ್ನ ಆ ವರ್ಷದ ಅತ್ಯಂತ ದೊಡ್ಡ ಕೆಲಸ ಅವನೇ. ಪಟ್ಟಿಯಲ್ಲಿ ಅವನು ಕೆಂಪು ಗೆರೆ.

ಮಗುವಿನ ಅಂಕದಿಂದ ಶಿಕ್ಷಕರಿಗೆ ಬೆಲೆ ಕಟ್ಟುವುದು ಹೊಸ ಹುಚ್ಚೇನೂ ಅಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲೇ ಓದು, ಬರಹ, ಲೆಕ್ಕದಲ್ಲಿ ಇನ್‌ಸ್ಪೆಕ್ಟರರ ಮುಂದೆ ಪಾಸಾದ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗೆ ಅನುದಾನ ಎಂದು ನಿಯಮ ಮಾಡಿದರು. ಧಾರವಾಡವೂ ಸೇರಿದ್ದ ನಮ್ಮ ಮುಂಬಯಿ ಪ್ರಾಂತ್ಯಕ್ಕೂ ಆ ಪದ್ಧತಿ ಬಂತು. ಓದಿ ತೋರಿಸಬೇಕಾದ ಪುಸ್ತಕವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿಡುವುದು ಶುರುವಾಯಿತು. ಆ ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡು ಅದನ್ನು ಕೈಬಿಟ್ಟಿತು. ಅಮೆರಿಕದ ಅಟ್ಲಾಂಟಾದಲ್ಲಿ ಇನ್ನೂ ಮುಂದೆ ಹೋದರು. ಗುರಿ ಮುಟ್ಟದಿದ್ದರೆ ಕೆಲಸಕ್ಕೇ ಸಂಚಕಾರ ಎಂಬ ಭಯದಲ್ಲಿ ಶಿಕ್ಷಕರೇ ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದರು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿಯ ಹೆಸರು ಬಂತು. ಕೆಲವರಿಗೆ ಸೆರೆಮನೆಯೂ ಆಯಿತು. ಅದೇ ದೇಶದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಹೇಳಿಕೆ ಹೊರಡಿಸಿ, ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಬಹುಪಾಲು ಅಧ್ಯಯನಗಳ ಪ್ರಕಾರ ಶೇಕಡಾ 1ರಿಂದ 14ರಷ್ಟು ಎಂದು ತಿಳಿಸಿತು. ಉಳಿದದ್ದು ಮನೆ, ಊಟ, ಊರು, ಹಿಂದಿನ ತರಗತಿಗಳು, ಇನ್ನೂ ಏನೇನೋ. ಶಿಕ್ಷಕರ ಪಾಲು ಕಡಿಮೆ ಎಂದು ಕೈಕಟ್ಟಿ ಕೂರಲು ನಾನು ಈ ಮಾತು ಹೇಳುತ್ತಿಲ್ಲ. ಆ ಪಾಲಿನಲ್ಲಿ ಬಹಳ ಕೆಲಸ ಆಗುತ್ತದೆ. ಆದರೆ ನೂರಕ್ಕೆ ನೂರರ ಬಿಲ್ಲನ್ನು ನನ್ನೊಬ್ಬಳ ಹೆಸರಿಗೆ ಹರಿಯಬೇಡಿ.

ಸಭೆ ಮುಗಿದ ಸಂಜೆಯೇ ಬಸ್ಸು ಹಿಡಿದು ಮಲಾಡ್ ಪೂರ್ವದಲ್ಲಿದ್ದ ಆ ಹುಡುಗನ ಮನೆಗೆ ಹೋದೆ. ಜುಲೈ ತಿಂಗಳಿನ ಮರುಪರೀಕ್ಷೆಗೆ ಅರ್ಜಿ ತುಂಬಿಸಬೇಕಿತ್ತು, ಊರಿಗೆ ಬಿತ್ತನೆಗೆ ಹೊರಟುಬಿಟ್ಟರೆ ಕೈಗೆ ಸಿಗುವುದಿಲ್ಲ. ತಗಡಿನ ಮನೆ, ಬಾಗಿಲಲ್ಲಿ ನೀಲಿ ಡ್ರಮ್ಮು. ತಾಯಿ ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಿಂತಿದ್ದು, ಕೂಲಿ ಸಿಗದೆ ಮರಳಿದ್ದರು. ಮಳೆ ಬಾರದ್ದರಿಂದ ಊರ ಪ್ರಯಾಣವೂ ನಿಂತಿತ್ತು. ಹುಡುಗ ನೆಲಹಾಸು ಕೂರಿಸುವವನ ಜೊತೆ ಕೆಲಸಕ್ಕೆ ಹೋಗಲಾರಂಭಿಸಿದ್ದ. ನನ್ನನ್ನು ಕಂಡವನೇ ಸಿಮೆಂಟು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅಕ್ಕೋರೆ, ಇವನು ನಪಾಸಾದದ್ದಕ್ಕೆ ನಿಮ್ಮ ಪಗಾರ ಕಡಿಯುತ್ತಾರೆಯೇ?" ಎಂದು ತಾಯಿ ಕೇಳಿದರು. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಇದು ತೀರ ಸಹಜವಾದ ಪ್ರಶ್ನೆ. ಗೋಡೆ ಸೊಟ್ಟಗಾದರೆ ಆ ದಿನದ ಕೂಲಿ ಇಲ್ಲ. ಇಲ್ಲವೆಂದೆ. "ಮತ್ತೆ ಯಾಕೆ ಇಷ್ಟು ದೂರ ಬಂದಿರಿ?" ಎಂದರು. ಅರ್ಜಿಯ ವಿಷಯ ಹೇಳಿದೆ. ಇಲ್ಲೇ ಚಿಕ್ಕಪ್ಪನ ಬಳಿ ಬಿಟ್ಟುಹೋಗುವುದೆಂದು ತೀರ್ಮಾನವಾಯಿತು. ಕೆಲಸ ಮುಗಿದ ಮೇಲೆ ದಿನಾ ಸಂಜೆ ಶಾಲೆಗೆ ಬಂದು ಅಭ್ಯಾಸ ಮಾಡಿದ. ಜುಲೈ ಪರೀಕ್ಷೆಯಲ್ಲಿ ಗಣಿತ ಪಾಸಾಯಿತು. ಐವರಲ್ಲಿ ಮೂವರು ಹಾಗೆ ದಾಟಿದರು. ಇನ್ನಿಬ್ಬರು ಊರಿಗೆ ಹೋದವರು ಮರಳಲಿಲ್ಲ.

ಹದಿನೇಳು ನಂಬರಿನ ಪ್ರಸ್ತಾಪಕ್ಕೆ ಸಭೆಯಲ್ಲಿ ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಆಗ ನೋಡೋಣ" ಎಂದರು ಮುಖ್ಯೋಪಾಧ್ಯಾಯಿನಿ. ನಮ್ಮ ಶಾಲೆಗಳಲ್ಲಿ ಅನೇಕ ಅನ್ಯಾಯಗಳು ಈ ಎರಡು ಪದಗಳ ಮೇಲೆಯೇ ನಡೆಯುತ್ತವೆ. ಆ ಮಳೆಗಾಲ ಮುಗಿಯುವುದರೊಳಗೆ ಮುಂದಿನ ತಂಡದ ಇಬ್ಬರು ಮಕ್ಕಳ ಪೋಷಕರು ಬಂದು ದಾಖಲೆ ತೆಗೆದುಕೊಂಡು ಹೋಗಿದ್ದರು. ಯಾರು ಕರೆಸಿದರು, ಏನು ಹೇಳಿದರು ಎಂಬುದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಎರಡು ಹೆಸರುಗಳ ಮೇಲೆ ಗೆರೆ, ಅಷ್ಟೇ.

2020ರಲ್ಲಿ ಆಂತರಿಕ ಅಂಕಗಳು ಮರಳಿ ಬಂದವು, ರಾಜ್ಯದ ಫಲಿತಾಂಶ ಶೇಕಡಾ 95.30ಕ್ಕೆ ಜಿಗಿಯಿತು. ನಮ್ಮದು ಮತ್ತೆ ನೂರು. ಆ ವರ್ಷ ಕೊರೊನಾದಿಂದಾಗಿ ಭೂಗೋಳದ ಪತ್ರಿಕೆ ರದ್ದಾಗಿ, ಬೇರೆ ವಿಷಯಗಳ ಸರಾಸರಿ ನೋಡಿ ಅಂಕ ಕೊಟ್ಟಿದ್ದರು. ಲಾಕ್‌ಡೌನ್ ಸಡಿಲವಾದ ಮೇಲೆ ಮಂಡಳಿ ಕೊಟ್ಟ ಮಾತು ಉಳಿಸಿಕೊಂಡು ವಿಷಯವಾರು ಬಹುಮಾನದ ಲಕೋಟೆಗಳನ್ನು ಹಂಚಿತು. ನಮ್ಮ ಭೂಗೋಳದ ಶಿಕ್ಷಕರಿಗೂ ಸಾವಿರದೊಂದು ರೂಪಾಯಿ ಬಂತು. ಹಿಂದಿನ ವರ್ಷ ಅದೇ ಪಾಠಗಳನ್ನು ಅದೇ ನಕಾಶೆಗಳನ್ನು ತೂಗುಹಾಕಿ ಕಲಿಸಿದ್ದಕ್ಕೆ ಅವರು ಎರಡು ಪುಟದ ಲಿಖಿತ ವಿವರಣೆ ಕೊಟ್ಟಿದ್ದರು. ಈ ಸಲ ಪರೀಕ್ಷೆಯೇ ನಡೆಯದ ವಿಷಯಕ್ಕೆ ಬಂದ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, "ಇದಕ್ಕೆ ಯಾರೂ ವಿವರಣೆ ಕೇಳಲಿಲ್ಲವಲ್ಲ ಟೀಚರ್" ಎಂದರು.