ಡಿಗ್ಗರ್‌ಗಳು ಅಗೆದ ಗುಡ್ಡಕ್ಕೆ

ಲಂಡನ್ನಿನ ವಾಟರ್‌ಲೂನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ವೇಬ್ರಿಜ್ ಬರುತ್ತದೆ. ಸರ್ರೆಯ ಸಿರಿವಂತರ ಊರು. ನಾನು ಹೊರಟಿದ್ದು ಪಕ್ಕದ ಸೇಂಟ್ ಜಾರ್ಜ್ಸ್ ಹಿಲ್‌ಗೆ. 1649ರ ಏಪ್ರಿಲ್ 1ರಂದು ಒಂದಿಷ್ಟು ಬಡವರು ಗುದ್ದಲಿ ಹಿಡಿದು ಹತ್ತಿದ ಗುಡ್ಡ ಅದು. ಅಗೆಯುವವರು ಅನ್ನುವ ಅರ್ಥದಲ್ಲಿ ಅವರಿಗೆ ಡಿಗ್ಗರ್‌ಗಳು ಅಂತ ಹೆಸರು.

ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದು ಆಗ ಎರಡು ತಿಂಗಳಾಗಿತ್ತು. ವರ್ಷಗಟ್ಟಲೆ ಯುದ್ಧ, ಕೆಟ್ಟ ಬೆಳೆ, ಕೈಗೆಟುಕದ ಕಾಳಿನ ಬೆಲೆ. ಈ ಬಡವರ ಮುಂದಾಳು ಗೆರಾರ್ಡ್ ವಿನ್‌ಸ್ಟನ್ಲಿ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ದಿವಾಳಿಯಾಗಿ, ಗುಡ್ಡದ ಹತ್ತಿರದ ಕೋಬಮ್‌ನಲ್ಲಿ ದನ ಮೇಯಿಸಿಕೊಂಡಿದ್ದ. ದೇವರು ಭೂಮಿಯನ್ನು ಎಲ್ಲರ ಭಂಡಾರವಾಗಿ ಮಾಡಿದ್ದಾನೆ, ಅದನ್ನು ಕೊಳ್ಳುವುದೂ ಮಾರುವುದೂ ತಪ್ಪು ಅನ್ನುವುದು ಅವನ ವಾದ. ಬೈಬಲ್ ಓದಿ ಓದಿ ಕಂಡುಕೊಂಡ ಮಾತು. ಹಾಗಂತ ಅವನ ಗುಂಪು ಯಾರ ಹೊಲಕ್ಕೂ ಕೈ ಹಾಕಲಿಲ್ಲ. ನಮ್ಮ ಗೋಮಾಳದಂಥ ಪಾಳು ಜಾಗ ಅಗೆದು ಕ್ಯಾರೆಟ್, ಪಾರ್ಸ್ನಿಪ್, ಬೀನ್ಸ್ ಹಾಕಿದರು. ಬಂದು ದುಡಿಯುವವರಿಗೆಲ್ಲ ಊಟ, ಬಟ್ಟೆ ಅಂದರು. ಇದರಲ್ಲಿ ಹೆದರುವಂಥದ್ದು ಏನಿತ್ತು?

ಜಮೀನ್ದಾರರು ಹೆದರಿದರು. ವಿನ್‌ಸ್ಟನ್ಲಿ ಮತ್ತು ಅವನ ಸಂಗಡಿಗ ವಿಲಿಯಂ ಎವರಾರ್ಡ್, ಸೇನೆಯ ಮುಖ್ಯಸ್ಥ ಜನರಲ್ ಫೇರ್‌ಫ್ಯಾಕ್ಸ್ ಮುಂದೆ ಟೋಪಿ ತೆಗೆಯದೆ ನಿಂತರು. ಆತನೂ ತಮ್ಮಂಥ ಮನುಷ್ಯನೇ ಅಲ್ವಾ ಅನ್ನುವುದು ಅವರ ಉತ್ತರ. ಫೇರ್‌ಫ್ಯಾಕ್ಸ್ ಅವರನ್ನು ಬಿಟ್ಟು ಕಳಿಸಿದ. ಸ್ಥಳೀಯರು ಬಿಡಲಿಲ್ಲ. ಜೂನ್‌ನಲ್ಲಿ ಹೆಂಗಸರ ಬಟ್ಟೆ ತೊಟ್ಟ ಗಂಡಸರು ಬಂದು, ಗುಡ್ಡದ ಮೇಲಿದ್ದ ನಾಲ್ವರನ್ನು ದೊಣ್ಣೆಯಲ್ಲಿ ಬಡಿದರು. ಡಿಗ್ಗರ್‌ಗಳು ಕೈ ಎತ್ತಲಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಗುಡ್ಡದ ಬಾಗಿಲಲ್ಲಿ ಈಗ ಗೇಟಿದೆ, ಕಾವಲಿದೆ. 1911ರ ನಂತರ ಇಲ್ಲಿ ಶ್ರೀಮಂತರ ಬಡಾವಣೆ ಎದ್ದಿತು. ಗಾಲ್ಫ್ ಮೈದಾನ, ಟೆನಿಸ್ ಕ್ಲಬ್, ಕೋಟಿಗಟ್ಟಲೆ ಬೆಲೆಯ ಬಂಗಲೆಗಳು. ಬೀಟಲ್ಸ್‌ನ ಹಾಡುಗಾರ ಜಾನ್ ಲೆನನ್ ಕೂಡ ಒಂದಿಷ್ಟು ವರ್ಷ ಇಲ್ಲಿದ್ದ. ಪೈನ್ ಮರಗಳನ್ನು ಹೊರಗಿನಿಂದಲೇ ನೋಡುತ್ತಾ ನಿಂತಾಗ ನನಗೆ ಸಿಟ್ಟು ಬಂತು. ಯಾವ ಗುಡ್ಡ ಎಲ್ಲರದ್ದು ಅಂದಿದ್ದರೋ ಆ ಗುಡ್ಡವೇ ಹೀಗೆ!

ವಿನ್‌ಸ್ಟನ್ಲಿಯ ನೆನಪಿನ ಕಲ್ಲು ಇರುವುದು ರೈಲ್ವೆ ಸ್ಟೇಷನ್ ಹತ್ತಿರ. 1999ರಲ್ಲಿ, 350 ವರ್ಷ ತುಂಬಿದಾಗ, ಹೋರಾಟಗಾರರು ಇದನ್ನು ಗುಡ್ಡಕ್ಕೇ ಒಯ್ದು ಕೆಲವು ದಿನ ಬೀಡುಬಿಟ್ಟಿದ್ದರು. ಅಲ್ಲಿ ಉಳಿಸಿಕೊಳ್ಳಲು ಆಗಲಿಲ್ಲ.

ಮಧ್ಯಾಹ್ನ ಕೋಬಮ್ ಕಡೆ ಹೋದೆ. ಗುಡ್ಡ ಬಿಟ್ಟ ಮೇಲೆ ಡಿಗ್ಗರ್‌ಗಳು ಅಲ್ಲಿನ ಲಿಟಲ್ ಹೀತ್‌ನಲ್ಲಿ ಮನೆ ಕಟ್ಟಿ, 11 ಎಕರೆಯಲ್ಲಿ ಧಾನ್ಯ ಬಿತ್ತಿದ್ದರು. 1650ರ ಏಪ್ರಿಲ್‌ನಲ್ಲಿ ಆ ಮನೆಗಳಿಗೆ ಬೆಂಕಿ ಇಡಿಸಿದವನು ಜಾನ್ ಪ್ಲಾಟ್. ಅವನು ಪಾದ್ರಿಯಾಗಿದ್ದ.